ಕೊಳೆತ ಮೊಟ್ಟೆಯ ವಾಸನೆ ಬರುವ ಕಲ್ಲು

ಜುಲೈ 3, ಬುಧವಾರ

ಇವತ್ತು ಬೆಳಿಗ್ಗೆ ನನ್ನ ಅಂಗಡಿಗೆ ಕಳ್ಳರು ನುಗ್ಗಿ ಮುನ್ನೂರು ಕೋಟಿ ವರ್ಷ ಹಳೆಯ ಕಲ್ಲನ್ನು ಹೊತ್ತುಕೊಂಡು ಹೋದರು.

ಸುಳ್ಳು. ಕಲ್ಲು ಮೇಜಿನ ಕೆಳಗೆ ಗೋಣಿಚೀಲದಲ್ಲಿ ನನ್ನ ಕಾಲಿಗೆ ತಾಗುವ ಹಾಗೆ ಬಿದ್ದಿದೆ. ಆದರೆ ಎಂಟು ಗಂಟೆಗೆ ಆ ಹುಡುಗಿಗೆ ಫೋನ್ ಮಾಡಿ ಹೇಳಿದ್ದು ಮಾತ್ರ ಇದನ್ನೇ. "ಮೇಡಂ, ನಿಮ್ ಕಲ್ಲು ಕಳ್ಳರ ಪಾಲಾಯ್ತು." ಅವಳು ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿ, ಹಲಸೂರಲ್ಲಿ ಇಳಿದು, ಮರ್ಫಿ ಟೌನಿನ ನಮ್ಮ ಗಲ್ಲಿಯವರೆಗೂ ಓಡಿಕೊಂಡೇ ಬಂದಳು. ತಲೆ ಒದ್ದೆ. ಒಂದು ಕಿವಿಯಲ್ಲಿ ಮಾತ್ರ ಓಲೆ. ನಾನು ಚೀಲ ಎಳೆದು ತೋರಿಸಿದೆ. ನಗಲಿಲ್ಲ. ಮೆಟ್ಟಿಲ ಮೇಲೆ ಕೂತು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು.

"ಅಂಕಲ್, ಇದನ್ನ ತೆಗೆದ ಗುಂಡೀಲಿ ಈಗ ನೀರು ತುಂಬ್ಕೊಂಡಿದೆ. ಇನ್ನೊಂದು ಸಿಗಲ್ಲ. ಇನ್ಮೇಲೆ ನೀವು ಫೋನ್ ಮಾಡಿದ್ರೆ ನಾನು ನಂಬೋದಾ, ಬಿಡೋದಾ?"

"ಬಿಟ್ಬಿಡಿ. ಆರೋಗ್ಯಕ್ಕೆ ಒಳ್ಳೇದು" ಅಂದೆ.

ಥೂ. ತಮಾಷೆಗೆ ನಗುವವರೇ ಈ ಊರಲ್ಲಿ ಉಳಿದಿಲ್ಲ.

ಈ ಡೈರಿ ಎಲೆಕ್ಟ್ರಿಕಲ್ ಅಂಗಡಿಯವರು ಜನವರಿಯಲ್ಲಿ ಬಿಟ್ಟಿ ಕೊಟ್ಟದ್ದು. ಜಟ್ಟೆಮ್ಮ ಅದನ್ನು ಅಟ್ಟದಿಂದ ಇಳಿಸಿ ನನ್ನ ಮುಂದೆ ಹಾಕಿದಳು. "ಮದ್ವೆ ಆಗಿ ನಲವತ್ತಾರು ವರ್ಷ ಆಯ್ತು. ನನ್ನ ಕಿವಿಗೂ ಒಂದು ರಿಟೈರ್‌ಮೆಂಟ್ ಬೇಡ್ವೇನ್ರೀ? ಬೈಯೋದೆಲ್ಲ ಇದ್ರಲ್ಲೇ ಬೈಕೊಳ್ಳಿ." ಮೊದಲ ಪುಟದಲ್ಲಿ ಹೆಸರು ಕೇಳಿದ್ದಾರೆ: ದೊಡ್ಡಮುನಿಯಪ್ಪ. ಹೆಸರಲ್ಲೇ ಮುನಿಸು ಇದೆ, ಅದೂ ದೊಡ್ಡದು. ಎಪ್ಪತ್ತೊಂದು ವರ್ಷದಿಂದ ಅದನ್ನು ಉಳಿಸಿಕೊಂಡು ಬಂದಿದ್ದೇನೆ. ಉದ್ಯೋಗ ಕೇಳಿದ್ದಾರೆ: ಕಲ್ಲು ಕೊಯ್ಯುವುದು. ಮೂವತ್ತನಾಲ್ಕು ವರ್ಷ ಸರ್ಕಾರದ ಲ್ಯಾಬಿನಲ್ಲಿ ಕೊಯ್ದೆ, ಈಗ ಮನೆಯ ಕೆಳಗಿನ ಕೋಣೆಯಲ್ಲಿ ಕೊಯ್ಯುತ್ತೇನೆ. ಭೂವಿಜ್ಞಾನಿಗಳು ಕಲ್ಲು ತಂದು ಕೊಡುತ್ತಾರೆ. ನಾನು ಅದನ್ನು ಬಿಲ್ಲೆ ಮಾಡಿ, ಗಾಜಿಗೆ ಅಂಟಿಸಿ, ಕೂದಲಿಗಿಂತ ತೆಳ್ಳಗಾಗುವವರೆಗೆ ಉಜ್ಜುತ್ತೇನೆ. ಅಷ್ಟು ತೆಳ್ಳಗಾದರೆ ಕಲ್ಲಿನೊಳಗಿಂದ ಬೆಳಕು ಹಾಯುತ್ತದೆ. ಅದೇ ಸ್ಲೈಡು. ಅದನ್ನು ನೋಡಿ ಅವರಿಗೆ ಡಾಕ್ಟರೇಟು ಬರುತ್ತದೆ, ನನಗೆ ಕೆಮ್ಮು ಬರುತ್ತದೆ. ರಕ್ತದ ಗುಂಪು ಕೇಳಿದ್ದಾರೆ: ಕುದಿಯುವ ಗುಂಪು.

ಆ ಹುಡುಗಿ ಹೇಮಶ್ರೀ, ಭೂವಿಜ್ಞಾನಿ. ಅವಳ ಕಲ್ಲು ಚಿತ್ರದುರ್ಗದ ಕಡೆಯದು. ಮುನ್ನೂರು ಕೋಟಿ ವರ್ಷದ ಹಿಂದೆ ಅಲ್ಲಿ ಸಮುದ್ರ ಇತ್ತಂತೆ. ಸಮುದ್ರದ ತಳ ಬಿರುಕು ಬಿಟ್ಟು, ಬಿರುಕಿನಿಂದ ಕುದಿನೀರು ಉಕ್ಕಿ, ಅದರಲ್ಲಿ ಕರಗಿದ್ದ ಗಂಧಕ ಗಿಂಧಕ ಎಲ್ಲ ತಣ್ಣಗಾಗಿ ಪದರ ಪದರವಾಗಿ ಕೂತು ಈ ಕಲ್ಲಾಯಿತಂತೆ. ಬಿಸಿಲೇ ತಲುಪದ ಆ ಬಿಸಿನೀರಿನ ಬಾಯಲ್ಲಿ ಭೂಮಿಯ ಮೊದಮೊದಲ ಜೀವಗಳು ಬದುಕಿದ್ದವೇನೋ ಅಂತ ಅವಳು ಹುಡುಕುತ್ತಿದ್ದಾಳೆ. ಆಗಸ್ಟ್ ಕೊನೆಗೆ ಅವಳ ಕೆಲಸದ ಅವಧಿ ಮುಗಿಯುತ್ತದೆ. ಅಷ್ಟರಲ್ಲಿ ಏನಾದರೂ ಸಿಕ್ಕರೆ ಮುಂದುವರಿಸುತ್ತಾರೆ. ಇಲ್ಲದಿದ್ದರೆ ಯಾವುದಾದರೂ ಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತೇನೆ ಅಂದಳು. ಭೂಗೋಳ ಮುಗಿದು ಬದುಕೇ ಗೋಳು ಅಂದೆ. ಅದಕ್ಕೂ ನಗಲಿಲ್ಲ.

ಜುಲೈ 5, ಶುಕ್ರವಾರ

ಬ್ಲೇಡು ತಾಗಿದ್ದೇ ತಡ, ಕೊಳೆತ ಮೊಟ್ಟೆಯ ವಾಸನೆ. ಕಲ್ಲಿನೊಳಗಿನ ಗಂಧಕದ ಕೆಲಸ. ಮೂಗಿಗೆ ಬಟ್ಟೆ ಕಟ್ಟಿದರೆ ವಾಸನೆ ಬಾಯಿಗೆ ಬರುತ್ತದೆ. ಬಾಯಿ ಮುಚ್ಚಿದರೆ ಕಣ್ಣಿಗೆ. ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಕಲಬುರಗಿಯ ಸಾಯಬಣ್ಣ ಇಳಿದು ಬಂದ.

"ಏನ್ರೀ ಯಜಮಾನ್ರ, ಕೆಳಗ ಯಾರರ ಸತ್ತಾರೇನ್ರೀ?"

"ಸತ್ತು ಮುನ್ನೂರು ಕೋಟಿ ವರ್ಷ ಆಯ್ತಪ್ಪ. ವಾಸ್ನೆ ಈಗ ಬಂದಿದೆ."

ಅವನು ನಕ್ಕ. ಇವತ್ತು ನಡೆದ ಒಳ್ಳೆಯದು ಅದೊಂದೇ.

ದರಿದ್ರ ಕಲ್ಲು. ಹಳಸಿದ ಮೈಸೂರು ಪಾಕಿನ ಹಾಗೆ ಉದುರುತ್ತದೆ. ಇಂಥ ಕಲ್ಲಿಗೆ ಮೊದಲು ರೆಸಿನ್ ಅನ್ನುವ ಅಂಟು ಕುಡಿಸಬೇಕು, ಕುಡಿಸುವುದಕ್ಕೆ ಒಳಗಿನ ಗಾಳಿ ಎಳೆಯುವ ಪಂಪು ಬೇಕು. ಪಂಪು ಸತ್ತು ಒಂಬತ್ತು ದಿನವಾಗಿದೆ. ರಿಪೇರಿಯವನು ದಿನಾ ನಾಳೆ ಅನ್ನುತ್ತಾನೆ. ಅವನ ಕ್ಯಾಲೆಂಡರಿನಲ್ಲಿ ಇವತ್ತು ಅನ್ನುವ ಹಾಳೆಯನ್ನೇ ಹರಿದಿರಬೇಕು. ಕೊನೆಗೆ ಉಸ್ತಾದ್ ಖುರ್ಷೀದ್ ಕಲಿಸಿದ ಹಳೆಯ ದಾರಿಯನ್ನೇ ಹಿಡಿದೆ. ಬಿಲ್ಲೆಗಳನ್ನು ಅನ್ನದ ತಿಳಿಗಂಜಿಯಲ್ಲಿ ಅದ್ದಿ ನೆರಳಲ್ಲಿ ಒಣಗಲು ಇಟ್ಟೆ. ಗಂಜಿ ಕಲ್ಲನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಬಿಸಿನೀರಲ್ಲಿ ತೊಳೆದರೆ ಬಿಟ್ಟು ಹೋಗುತ್ತದೆ. ಶಿವಾಜಿನಗರದ ಹರಳು ಕೊಯ್ಯುವವರ ಉಪಾಯ. ಗಂಜಿಗೆ ಜಟ್ಟೆಮ್ಮನ ಪಾತ್ರೆ ಕದ್ದೆ.

ಆ ಹುಡುಗಿ ಒಂದು ಫಾರಂ ಕೊಟ್ಟಿದ್ದಾಳೆ. ಬಳಸಿದ ವಸ್ತುಗಳು ಅನ್ನುವ ಕಡೆ ನೀರು, ಉಜ್ಜುವ ಎಮರಿ ಪುಡಿ, ರೆಸಿನ್ ಅಂತ ತುಂಬಿಸಿದೆ. ಲ್ಯಾಬಿನಲ್ಲಿದ್ದಾಗಿನಿಂದ ಅದೇ ಮೂರು. ಗಂಜಿಯನ್ನು ಯಾರೂ ಬರೆಯುವುದಿಲ್ಲ. ಅಡುಗೆಯವರು ಸಾಮಾನಿನ ಪಟ್ಟಿಯಲ್ಲಿ ಬೆಂಕಿ ಅಂತ ಬರೆಯುತ್ತಾರೆಯೇ?

ಸೋಪಿನಷ್ಟು ಒಂದು ತುಂಡನ್ನು ಅವಳೇ ವಾಪಸ್ ತೆಗೆದುಕೊಂಡು ಹೋಗಿದ್ದಾಳೆ. ಪೂರ್ತಿ ಕಲ್ಲು ನನ್ನ ಹತ್ತಿರ ಬಿಡುವಷ್ಟು ನಂಬಿಕೆ ಇಲ್ಲ.

ಜುಲೈ 10, ಬುಧವಾರ

ಮಳೆ. ಗಲ್ಲಿಯ ಮೋರಿ ಉಕ್ಕಿ ಮೆಟ್ಟಿಲಿಗೆ ಬಂದಿದೆ. ಯಾರದೋ ಮನೆಯ ಹುಳಿಯಿಂದ ಬಿದ್ದ ನುಗ್ಗೆಕಾಯಿ ಸಿಪ್ಪೆ ನನ್ನ ಚಪ್ಪಲಿಯಲ್ಲಿ. ಗೋಡೆ ಬೆವರುತ್ತಿದೆ. ಬಿಲ್ಲೆಗಳು ಐದು ದಿನವಾದರೂ ಒಣಗಿಲ್ಲ. ಮುಟ್ಟಿದರೆ ಲೋಳೆ. ಕೈಯನ್ನು ಮೂರು ಸಲ ತೊಳೆದೆ.

ಆ ಹುಡುಗಿ ಬಂದಿದ್ದಳು. "ಅಂಕಲ್, ನಿಮ್ ಬಗ್ಗೆ ನಮ್ ಹೆಡ್ಡು ಏನೋ ಹೇಳಿದ್ರು. ಸೊಳ್ಳೆ ಕಾಲಂತೆ?"

ನಿಜ. ಲ್ಯಾಬಿನಲ್ಲಿ ಅದೊಂದು ಪದ್ಧತಿ. ಹೊಸದಾಗಿ ಬಂದ ವಿಜ್ಞಾನಿಯ ಮೊದಲ ಸ್ಲೈಡಿನಲ್ಲಿ ಗಾಜಿನ ಕೆಳಗೆ ಒಂದು ಸೊಳ್ಳೆ ಕಾಲು ಇಡುತ್ತಿದ್ದೆ. ಅವರು ಕಲ್ಲಿನಲ್ಲಿ ಪ್ರಾಣಿ ಸಿಕ್ಕಿತು ಅಂತ ಡೈರೆಕ್ಟರ ಕೋಣೆಗೆ ಓಡುತ್ತಿದ್ದರು. ಆಮೇಲೆ ಎಲ್ಲರಿಗೂ ಮಸಾಲೆ ದೋಸೆ ಕೊಡಿಸುತ್ತಿದ್ದರು. ಹದಿನೇಳು ಜನ ಹೀಗೆ ಓಡಿದ್ದಾರೆ. ಎಲ್ಲರಿಗಿಂತ ಜೋರಾಗಿ ಓಡಿದವರು ಅವಳ ಈಗಿನ ಹೆಡ್ಡು ಕೆಂಪರಾಜ್. ಇಪ್ಪತ್ತಾರು ವರ್ಷವಾಯಿತು, ದೋಸೆ ಇನ್ನೂ ಕೊಡಿಸಿಲ್ಲ.

"ನನ್ನ ಸ್ಲೈಡಲ್ಲಿ ಬೇಡ ಅಂಕಲ್. ನಾನು ಹುಡುಕ್ತಿರೋದೇ ಜೀವಾನ. ಒಂದು ಸೊಳ್ಳೆ ಕಾಲು ಸಾಕು, ನನ್ನ ಕಥೆ ಮುಗಿಯುತ್ತೆ."

"ಮಳೇಲಿ ಸೊಳ್ಳೆ ಹಿಡಿಯೋಕೆ ನನಗೆಲ್ಲಿ ಕೈ ಸಾಗುತ್ತೆ ಮೇಡಂ?"

ಇಡುವುದಿಲ್ಲ. ಸೊಳ್ಳೆ ಕಂಡರೂ ಈಗ ಅಸಹ್ಯ.

ಜುಲೈ 16, ಮಂಗಳವಾರ

ಹನ್ನೊಂದು ಸ್ಲೈಡು ಮುಗಿಯಿತು. ಬಿಲ್ಲೆಗಳು ಒಂಬತ್ತನೇ ದಿನ ಒಣಗಿದವು, ತೊಳೆದೆ, ಅಂಟಿಸಿದೆ, ಉಜ್ಜಿದೆ. ಸೊಂಟ ಎರಡು ತುಂಡು.

ಅವಳು ನನ್ನ ಹಳೇ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಕೂತಳು. ಹೊರಗೆ ಪ್ಲಾಸ್ಟಿಕ್ ಬಿಂದಿಗೆ ಮಾರುವವನು ಬಂದು ಹೋದ. ಆಮೇಲೆ ಮೆಲ್ಲಗೆ, "ಅಂಕಲ್, ಸ್ವಲ್ಪ ಬನ್ನಿ" ಅಂದಳು.

ನೋಡಿದೆ. ಕಲ್ಲಿನ ಬೂದು ಹರಳುಗಳ ನಡುವೆ ಕಂದು ಎಳೆಗಳು. ಕೂದಲಿಗಿಂತ ಎಷ್ಟೋ ಸಣ್ಣ. ಅಲ್ಲಲ್ಲಿ ಕವಲು, ಬಿದಿರಿಗೆ ಇರುವ ಹಾಗೆ ಗಣ್ಣು. ನನ್ನ ಜನ್ಮದಲ್ಲಿ ಕಲ್ಲಿನೊಳಗೆ ಅಂಥದ್ದನ್ನು ನೋಡಿಲ್ಲ.

"ನೀವು ಮಾಡಿದ್ದಲ್ಲ ತಾನೆ? ನಿಜ ಹೇಳಿ."

"ಜಟ್ಟೆಮ್ಮನ ತಲೆ ಮೇಲೆ ಆಣೆ."

"ನನ್ನ ತಲೆ ಯಾಕ್ರೀ? ನಿಮ್ದು ಬೋಳಾಗಿದ್ರೂ ಇದ್ಯಲ್ಲ" ಅಂತ ಒಳಗಿನಿಂದ ಜಟ್ಟೆಮ್ಮ.

"ಏನೂ ಹಾಕಿಲ್ಲ ಅಲ್ವಾ ಅಂಕಲ್?"

"ನೀರು, ಎಮರಿ, ರೆಸಿನ್."

ಅವಳ ಕಣ್ಣಲ್ಲಿ ನೀರು ಬಂತು. ಅಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹೊರಗೆ ಹೋಗಿ ಮೋರಿ ನೋಡುತ್ತಾ ನಿಂತೆ. ಅಷ್ಟು ಗಲೀಜು ಮೋರಿಯನ್ನು ನೋಡಿಯೂ ಶಿಳ್ಳೆ ಹಾಕುತ್ತಿದ್ದೆನಂತೆ, ಜಟ್ಟೆಮ್ಮ ಹೇಳಿದಳು. ನನಗೆ ನೆನಪಿಲ್ಲ.

ಜುಲೈ 18, ಗುರುವಾರ

ಕೆಂಪರಾಜ್ ಅಂಗಡಿಗೆ ಬಂದರು. ಮಾತಾಡುವ ಮುಂಚೆ ಮೂರು ಸಲ ಗಂಟಲು ಕೆರೆದರು, ಕೆರೆದದ್ದನ್ನು ನುಂಗಿದರು. ನನ್ನ ಸ್ಲೈಡಿನ ಮೇಲೆ ಹೆಬ್ಬೆರಳು ಒತ್ತಿದರು. ಎಣ್ಣೆ ಬೋಂಡ ತಿಂದ ಹೆಬ್ಬೆರಳು.

"ಏನ್ ಮುನಿಯಪ್ಪ, ಈ ಸಲ ಸೊಳ್ಳೇದು ಬಲಗಾಲಾ ಎಡಗಾಲಾ?"

ಮೈಕ್ರೋಸ್ಕೋಪಿನಲ್ಲಿ ನೋಡಿದ ಮೇಲೆ ಸೊಳ್ಳೆ ಮರೆತು ಹೋಯಿತು. ಮುಂದಿನ ಶುಕ್ರವಾರ, ಇಪ್ಪತ್ತಾರಕ್ಕೆ, ಪೇಪರಿನವರನ್ನು ಕರೆಯುತ್ತಾರಂತೆ. ಹೇಮಶ್ರೀ ಒಪ್ಪಲಿಲ್ಲ.

"ಸರ್, ಇನ್ನೂ ಎರಡು ಟೆಸ್ಟ್ ಮಾಡ್ಬೇಕು."

"ಟೆಸ್ಟ್ ಆಮೇಲಮ್ಮ. ನಿನ್ನ ಅವಧಿ ಮುಗಿಯೋಕೆ ಮುಂಚೆ ನ್ಯೂಸ್ ಬರ್ಬೇಕೋ ಬೇಡ್ವೋ? ಕಂಡುಹಿಡಿದಿದ್ದು ನೀನು ಅಂತಾನೇ ಹೇಳ್ತೀನಿ."

ಅವರು ಕಾರು ಹತ್ತಿದ ಮೇಲೆ ಅವಳು ಹೇಳಿದಳು: "ತಪ್ಪಾದ್ರೆ ಹೋಗೋದು ನನ್ನ ಹೆಸರು ಅಂಕಲ್, ಅವರದ್ದಲ್ಲ. ಒಂದ್ಸಲ ಹೋದ್ರೆ ಆಮೇಲೆ ನಾನು ಏನು ತೋರ್ಸಿದ್ರೂ ಯಾರೂ ನಂಬಲ್ಲ." ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾ, "ರಿಸರ್ಚ್ ಪೇಪರಲ್ಲಿ ನಿಮ್ಮ ಹೆಸರೂ ಹಾಕ್ತೀನಿ. ಥ್ಯಾಂಕ್ಸ್ ಅಂತ ಕೊನೇಲಿ ಅಲ್ಲ. ಮೇಲೆ, ನನ್ನ ಹೆಸರಿನ ಪಕ್ಕ."

ನೂರಾರು ಜನರ ಕಲ್ಲು ಕೊಯ್ದಿದ್ದೇನೆ, ಮೇಲೆ ಯಾರೂ ಹಾಕಿಲ್ಲ. ಹೆಸರು ಯಾರಿಗೆ ಬೇಕು? ಸತ್ತ ಮೇಲೆ ಕಲ್ಲಿನ ಮೇಲೆ ಹೇಗೂ ಕೆತ್ತುತ್ತಾರೆ. ಇಂಗ್ಲಿಷಿನಲ್ಲಿ ತಪ್ಪು ಬರೆದಾರು ಅಂತ ಚೀಟಿಯಲ್ಲಿ ಬರೆದು ಕೊಟ್ಟೆ. ಡಿ ಮೂರು, ಪಿ ಎರಡು.

ಜುಲೈ 20, ಶನಿವಾರ

ಮೂಲೆಯಲ್ಲಿದ್ದ ಗಂಜಿ ಪಾತ್ರೆ ಜಟ್ಟೆಮ್ಮನ ಕಣ್ಣಿಗೆ ಬಿತ್ತು. ತಳದಲ್ಲಿ ಉಳಿದ ಗಂಜಿಯ ಮೇಲೆ ಬೂಷ್ಟು, ಬೆಕ್ಕಿನ ತುಪ್ಪಟದ ಹಾಗೆ. ಬೈದಳು. ತೊಳೆದಿಟ್ಟೆ. ಬೇರೇನೂ ಇಲ್ಲ.

ಜುಲೈ 21, ಭಾನುವಾರ

ಊಟ ಸೇರಲಿಲ್ಲ. ಹಲಸೂರು ಕೆರೆಯವರೆಗೆ ನಡೆದೆ. ನೀರಿನ ಮೇಲೆ ಹಸಿರು ಕೆನೆ. ವಾಪಸ್ ಬಂದೆ.

ಜುಲೈ 23, ಮಂಗಳವಾರ

ಹೇಮಶ್ರೀ ಅವರಮ್ಮ ಕಳಿಸಿದ ಕೊಬ್ಬರಿ ಮಿಠಾಯಿ ತಂದಿದ್ದಳು. ಅವರಮ್ಮನಿಗೆ ಕಲ್ಲು ಗಿಲ್ಲು ತಿಳಿಯುವುದಿಲ್ಲವಂತೆ, ಆದರೂ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರಂತೆ.

ಒಂದು ಕಾಗದವನ್ನೂ ತಂದಿದ್ದಳು. ಸ್ಲೈಡುಗಳಲ್ಲಿ ಹೊರಗಿನ ಯಾವ ಪದಾರ್ಥವೂ ಸೇರಿಲ್ಲ ಅಂತ ನಾನು ಸಹಿ ಹಾಕಬೇಕು. "ನಿಮ್ಮ ಮೇಲೆ ಡೌಟಲ್ಲ ಅಂಕಲ್. ಸೊಳ್ಳೆ ಕಾಲಿನ ಕಥೆ ಇದ್ಯಲ್ಲ, ಅದಕ್ಕೇ ಸರ್ ಕೇಳಿದ್ರು."

"ಸೊಳ್ಳೆ ಗಿಳ್ಳೆ ಏನೂ ಇಲ್ಲ" ಅಂದೆ. ಅದು ನಿಜ. ಸಹಿ ಹಾಕಿದೆ. ಅಕ್ಷರ ನಡುಗಿತು. ಕೆಟ್ಟ ಪೆನ್ನು.

ಮಿಠಾಯಿಯನ್ನು ಸಾಯಬಣ್ಣನ ಮನೆಗೆ ಕೊಟ್ಟೆ. ಏನು ಬಾಯಿಗೆ ಹಾಕಿದರೂ ಕೊಳೆತ ಮೊಟ್ಟೆ. ಕಲ್ಲು ಕೊಯ್ದು ಮುಗಿಸಿ ಎಷ್ಟೋ ದಿನವಾಯಿತು, ವಾಸನೆ ಎಲ್ಲಿಂದ ಬರುತ್ತಿದೆಯೋ. ಉಗುರು ಕತ್ತರಿಸಿದೆ. ಅಂಗಿಯನ್ನು ಎರಡು ಸಲ ಒಗೆಸಿದೆ.

ಜುಲೈ 24, ಬುಧವಾರ

ಶಿವಾಜಿನಗರಕ್ಕೆ ಹೋದೆ. ಉಸ್ತಾದ್ ಖುರ್ಷೀದ್‌ಗೆ ಎಂಬತ್ತಮೂರು. ಕಣ್ಣು ಮಂಜಾಗಿದೆ, ಆದರೂ ಹರಳನ್ನು ಬೆರಳಲ್ಲಿ ಉಜ್ಜಿ ಯಾವುದು ಅಂತ ಹೇಳುತ್ತಾರೆ. ಮೆಟ್ಟಿಲು ಹತ್ತುವಾಗಲೇ ಗುರುತು ಹಿಡಿದರು.

"ಆವೋ ಮುನಿ. ಇವತ್ತು ಮೆಟ್ಲ ಮೇಲೆ ಏನೂ ಜೋಕ್ ಇಲ್ಲ? ತಬಿಯತ್ ಸರಿ ಇದ್ಯಾ?"

ಕಲ್ಲಿನ ಕಥೆ ಹೇಳಿದೆ.

"ಗಂಜಿ ಹಾಕಿ ಎಷ್ಟ್ ದಿನ ಇಟ್ಟೆ?"

"ಒಂಬತ್ತು ದಿನ."

"ಮಳೇಲಿ?"

"ಮಳೇಲಿ."

"ತೌಬಾ. ನಾನು ಏನ್ ಹೇಳ್ಕೊಟ್ಟಿದ್ದು ನಿಂಗೆ? ಬಿಸ್ಲು ಇದ್ದಾಗ ಹಾಕು, ಸಾಯಂಕಾಲಕ್ಕೆ ಒಣಗ್ಬೇಕು, ಬೆಳಿಗ್ಗೆ ತೊಳೀಬೇಕು. ಮಳೆಗಾಲ್ದಲ್ಲಿ ಗಂಜಿ ಮುಟ್ಲೇಬೇಡ ಅಂತ ಹೇಳಿದ್ನೋ ಇಲ್ವೋ? ಒಂಬತ್ತು ದಿನ ಇಟ್ರೆ ಒಳಗೆಲ್ಲ ಬೂಷ್ಟು ಹೋಗುತ್ತೆ ಮಿಯಾ. ಕಲ್ಲಿಗೆ ನೀನೇ ಅನ್ನ ಹಾಕಿ, ಅದ್ರ ಹೊಟ್ಟೇಲಿ ಜೀವ ಇದೆ ಅಂತ ಪೇಪರ್‌ಗೆ ಹಾಕಿಸ್ತೀಯಾ?"

ನಾನು ಮೇಜಿನ ಮೇಲಿನ ಹರಳೊಂದನ್ನು ಎತ್ತಿ ತಿರುಗಿಸಿ ನೋಡಿದೆ.

"ಆ ಬಚ್ಚಿಗೆ ಹೇಳಿದ್ಯಾ?"

"ಹೇಳಿದ್ರೂ ನಂಬಲ್ಲ ಉಸ್ತಾದ್. ನಾನು ಬಾಯಿ ಬಿಟ್ರೆ ತಮಾಷೆ ಅಂತಾಳೆ."

"ನಂಬಲ್ಲ ಅಂತ ಗೊತ್ತಿದ್ರೆ ಹೇಳೋದು ಇನ್ನೂ ಸುಲಭ ಅಲ್ವಾ? ಹೇಳು. ನಂಬದೇ ಇದ್ರೆ ಟಿಂಚರ್ ಹಾಕಿ ತೋರ್ಸು, ಗಂಜಿ ಇದ್ರೆ ನೀಲಿ ಆಗುತ್ತೆ. ಹಾಲಿಗೆ ಗಂಜಿ ಬೆರ್ಸೋರನ್ನ ಹೆಂಗೆ ಹಿಡೀತಾರೆ?"

ಬರುತ್ತಾ ಮೆಡಿಕಲ್ ಸ್ಟೋರಿನಲ್ಲಿ ಟಿಂಚರ್ ಅಯೋಡಿನ್ ಸೀಸೆ ಕೊಂಡೆ. ಅದರ ವಾಸನೆಯೂ ಆಗಿಬರುವುದಿಲ್ಲ.

ಜುಲೈ 25, ಗುರುವಾರ

ಬೆಳಿಗ್ಗೆ ಫೋನ್ ಮಾಡಿದೆ. "ಹೇಮಶ್ರೀ, ಆ ಎಳೆಗಳು ಬೂಷ್ಟಮ್ಮ. ನಾನು ಬಿಲ್ಲೆಗಳನ್ನ ಗಂಜೀಲಿ ನೆನೆಸಿದ್ದೆ. ನನಗೆ ಕೆಲಸ ಕಲಿಸಿದ ಉಸ್ತಾದ್ ನಿನ್ನೆ ಹೇಳಿದ್ರು."

"ಅಂಕಲ್, ನಾಳೆ ಪ್ರೆಸ್ಸು. ಇವತ್ತೊಂದಿನ ಬೇಡ, ಪ್ಲೀಸ್. ಕಳ್ತನ ಆಯ್ತು ಅಂದಾಗ ಓಡಿ ಬಂದೆ. ಈ ಸಲ ಬರಲ್ಲ." ಇಟ್ಟುಬಿಟ್ಟಳು.

ಗಂಜಿ ಕುಡಿದ ಬಿಲ್ಲೆಗಳಲ್ಲಿ ಉಳಿದ ಚೂರುಗಳನ್ನು ಸ್ಟೀಲ್ ಊಟದ ಡಬ್ಬಿಗೆ ಹಾಕಿಕೊಂಡು ನಾನೇ ಹೊರಟೆ. ಹಲಸೂರು ಮೆಟ್ರೊದಲ್ಲಿ ಚೀಲ ತಪಾಸಣೆಯವನು ಡಬ್ಬಿ ತೆಗೆಸಿದ.

"ಏನ್ ತಾತ ಇದು?"

"ಕಲ್ಲು."

"ಊಟದ ಡಬ್ಬೀಲಿ ಕಲ್ಲಾ?"

ಇಂಥ ಪ್ರಶ್ನೆಗೆ ನನ್ನ ಹತ್ತಿರ ಆರು ಉತ್ತರವಾದರೂ ಇರಬೇಕಿತ್ತು. "ಹೂಂ" ಅಂದೆ. ಬಿಟ್ಟ.

ಕೆ.ಆರ್. ಪುರದಲ್ಲಿ ಅವರ ಮನೆ ಮೊದಲನೇ ಮಹಡಿ. ಅವರಮ್ಮ ಬಾಗಿಲು ತೆಗೆದರು. ಅವಳು ನಾಳೆಗೆ ಸೀರೆ ಇಸ್ತ್ರಿ ಮಾಡುತ್ತಿದ್ದಳು. ನನ್ನನ್ನು ನೋಡಿ ಮುಖ ಬಿಗಿಯಿತು.

"ಒಂದೇ ನಿಮಿಷ ತಾಯಿ. ಒಂದು ತಟ್ಟೆ ಕೊಡು. ನಿನ್ನ ಹತ್ರ ಇರೋ ಆ ತುಂಡಿಂದ ಉದುರಿದ ಪುಡಿ ಇದ್ರೆ ಸ್ವಲ್ಪ ತಾ."

ತಟ್ಟೆ, ಪುಡಿ ಎರಡೂ ತಂದಳು. ಒಂದು ಕಡೆ ಆ ಪುಡಿ, ಅದಕ್ಕೆ ಗಂಜಿ ತಾಗಿಲ್ಲ. ಇನ್ನೊಂದು ಕಡೆ ನನ್ನ ಚೂರು. ಎರಡರ ಮೇಲೂ ಒಂದೊಂದು ತೊಟ್ಟು ಟಿಂಚರ್ ಬಿಟ್ಟೆ. ಅವಳ ಪುಡಿ ಕಂದು ಬಣ್ಣದಲ್ಲೇ ಉಳಿಯಿತು. ನನ್ನ ಚೂರಿನ ಬಿರುಕುಗಳಲ್ಲಿ ಕಪ್ಪು ನೀಲಿ ಗೆರೆ ಎದ್ದಿತು, ಯಾರೋ ಶಾಯಿಯಲ್ಲಿ ಎಳೆದ ಹಾಗೆ. ಅವಳೇ ಸೀಸೆ ತೆಗೆದುಕೊಂಡು ಇನ್ನೊಂದು ಚೂರಿಗೆ ಬಿಟ್ಟಳು. ಮತ್ತೊಂದಕ್ಕೆ. ಎಲ್ಲವೂ ನೀಲಿ.

ಹೋಗಿ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿ ಬಂದು ನೆಲದ ಮೇಲೆ ಕೂತಳು.

"ಎಳೆಗಳು ಬಿರುಕಲ್ಲಿ ಮಾತ್ರ ಇವೆ, ಹರಳಿನ ಒಳಗೆ ಒಂದೂ ಇಲ್ಲ. ನಂಗೆ ಅದು ಮೊದಲ್ನೇ ದಿನಾನೇ ಕಾಣಿಸಿತ್ತು ಅಂಕಲ್. ಕಾಣಿಸ್ದೇ ಇರೋ ಥರ ಇದ್ದೆ."

ಅವರಮ್ಮ ಕಾಫಿ ತಂದಿಟ್ಟರು. ಕೆನೆ ಕಟ್ಟುವವರೆಗೂ ಯಾರೂ ಮುಟ್ಟಲಿಲ್ಲ. ಕೆನೆ ನನಗೆ ಸೇರುವುದಿಲ್ಲ. ಕುಡಿದೆ.

ಅವಳು ಕೆಂಪರಾಜ್‌ಗೆ ಫೋನ್ ಮಾಡಿದಳು. "ಸರ್, ನಾಳೆ ಕ್ಯಾನ್ಸಲ್ ಮಾಡಿ. ಅದು ಜೀವ ಅಲ್ಲ. ಅಂದ್ರೆ, ಜೀವಾನೇ. ಈ ತಿಂಗಳದ್ದು." ಹೇಳುವಾಗ ಸಣ್ಣದಾಗಿ ನಕ್ಕಳು. ಮೂರು ವಾರದಲ್ಲಿ ಮೊದಲ ಸಲ ನಕ್ಕದ್ದು. ನನಗೆ ನಗು ಬರಲಿಲ್ಲ.

ಜುಲೈ 26, ಶುಕ್ರವಾರ

ಕೆಂಪರಾಜ್ ಫೋನಿನಲ್ಲಿ ಇಪ್ಪತ್ತು ನಿಮಿಷ ಉಗಿದರು. "ಆವತ್ತು ಸೊಳ್ಳೆ, ಇವತ್ತು ಬೂಷ್ಟು. ಸಾಯೋ ವಯಸ್ಸಾದ್ರೂ ಬುದ್ಧಿ ಬರ್ಲಿಲ್ಲ ನಿಂಗೆ. ಒಂದು ಹುಡುಗೀದು ಜೀವನ ಇಟ್ಕೊಂಡು ತಮಾಷೆ ಮಾಡ್ತೀಯ."

ಹೌದು ಅಂದುಬಿಡಬಹುದಿತ್ತು. ಕೆಲಸ ಬರದವನು ಅನ್ನಿಸಿಕೊಳ್ಳುವುದಕ್ಕಿಂತ ಕಿತಾಪತಿಯವನು ಅನ್ನಿಸಿಕೊಳ್ಳುವುದು ಹಗುರ; ಅದು ನನಗೆ ರೂಢಿಯೂ ಇದೆ.

"ತಮಾಷೆ ಅಲ್ಲ ಸಾರ್. ತಪ್ಪು. ನಂಗೆ ಗೊತ್ತಿರಬೇಕಿತ್ತು."

ಆ ಕಡೆ ಗಂಟಲು ಕೆರೆಯುವುದು ಕೇಳಿಸಿತು. ನುಂಗಿದ್ದೂ ಕೇಳಿಸಿತು.

"ಏನ್ರೀ, ಎರಡು ದಿನದಿಂದ ಯಾರನ್ನೂ ಬೈದೇ ಇಲ್ಲ. ಡಾಕ್ಟ್ರ ಹತ್ರ ಹೋಗಣ್ವಾ?" ಅಂತ ಜಟ್ಟೆಮ್ಮ ಕೇಳಿದಳು. ಬೈದಿದ್ದೇನೆ. ಅವಳಿಗೆ ಕೇಳಿಸಿಲ್ಲ ಅಷ್ಟೆ.

ಜುಲೈ 31, ಬುಧವಾರ

ಪಂಪು ರಿಪೇರಿಯಾಗಿ ಬಂತು. ಅದಾಗಿ ಒಂದು ಗಂಟೆಗೆ ಹೇಮಶ್ರೀಯೂ ಬಂದಳು. ಚೀಲದಿಂದ ಆ ಸೋಪಿನಷ್ಟು ತುಂಡನ್ನು ತೆಗೆದು ಮೇಜಿನ ಮೇಲಿಟ್ಟಳು. ಇನ್ನು ಉಳಿದಿರುವುದು ಅದೊಂದೇ. ಆ ಹನ್ನೊಂದು ಸ್ಲೈಡು ಕೆಟ್ಟವು ಅಂತ ಆಫೀಸಿಗೆ ಬರೆದು ಕೊಟ್ಟಿದ್ದಾಳೆ. ಅವಧಿಯನ್ನು ಮುಂದುವರಿಸಿಲ್ಲ, ಆಗಸ್ಟ್ ಕೊನೆಯವರೆಗೆ ಮಾತ್ರ ಅಂದಿದ್ದಾರೆ.

"ರೆಸಿನ್ ಕುಡ್ಸಿ. ನಾಳೆ ಹತ್ತು ಗಂಟೆಗೆ ಬಂದು ಪಕ್ಕದಲ್ಲೇ ಕೂತ್ಕೋತೀನಿ. ನೀವು ಕೊಯ್ಯಿರಿ."

"ಬೇರೆಯವರ ಹತ್ರ ಕೊಡಮ್ಮ. ನನ್ನ ಹತ್ರ ಯಾಕೆ?"

"ಬೇರೆಯವರು ಇನ್ನೇನೋ ಹಾಕಿರ್ತಿದ್ರು, ಹೇಳ್ತಿರ್ಲಿಲ್ಲ. ನೀವು ಗೊತ್ತಾದ್ ತಕ್ಷಣ ಡಬ್ಬಿ ಕಟ್ಕೊಂಡು ಬಂದ್ರಲ್ಲ ಅಂಕಲ್. ಹೋದ ಬುಧವಾರ ತಾನೆ ಉಸ್ತಾದ್ ಹೇಳಿದ್ದು, ಗುರುವಾರ ಬೆಳಿಗ್ಗೆ ಬಂದ್ಬಿಟ್ರಿ."

"ಹೂಂ" ಅಂದೆ.

ಹೊಸ ಫಾರಂ ಕೈಯಲ್ಲೇ ಬರೆದು ತಂದಿದ್ದಳು. ಬಳಸಿದ ವಸ್ತುಗಳು ಅನ್ನುವುದರ ಕೆಳಗೆ ಒಂದು ಸಾಲು ಹೆಚ್ಚಿದೆ: "ಮೇಲೆ ಬರೆಯದ ಬೇರೆ ಏನಾದರೂ." ಅದನ್ನು ನನ್ನ ಕೈಗೆ ಕೊಟ್ಟು, ಜಟ್ಟೆಮ್ಮ ಕೊಟ್ಟ ಚಕ್ಕುಲಿ ತಿನ್ನುತ್ತಾ ಹೋದಳು.

ಕಲ್ಲು ರೆಸಿನಿನಲ್ಲಿ ಮುಳುಗಿದೆ. ಪಂಪು ಸದ್ದು ಮಾಡುತ್ತಿದೆ. ಕಲ್ಲಿನೊಳಗಿಂದ ಸಣ್ಣ ಸಣ್ಣ ಗುಳ್ಳೆ ಮೇಲೆ ಬರುತ್ತಿವೆ. ಒಳಗೆ ಏನಿದೆಯೋ, ಏನೂ ಇಲ್ಲವೋ. ಇರುವುದು ಮಾತ್ರ ಇದ್ದರೆ ಸಾಕು.

ನಾಳೆ ಆ ಸಾಲಿನಲ್ಲಿ ಬರೆಯಬೇಕಾದದ್ದನ್ನು ಇಲ್ಲಿ ಒಮ್ಮೆ ಬರೆದುಕೊಳ್ಳುತ್ತೇನೆ. ಅಲ್ಲಿ ಅಕ್ಷರ ನಡುಗಬಾರದು.

ಇಪ್ಪತ್ತನೇ ತಾರೀಕು ಬೇರೇನೂ ಇಲ್ಲ ಅಂತ ಈ ಡೈರಿಯಲ್ಲಿ ಬರೆದದ್ದು ಸುಳ್ಳು. ಪಾತ್ರೆ ತೊಳೆಯುವ ಮುಂಚೆ ಆ ಬೂಷ್ಟಿನ ಚೂರೊಂದನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಅದೇ ಎಳೆ, ಅದೇ ಕವಲು, ಅದೇ ಗಣ್ಣು. ಗಾಜನ್ನು ಒಡೆದು ಮೋರಿಗೆ ಹಾಕಿದೆ, ಕೈ ತೊಳೆದುಕೊಂಡೆ. ಕಾಗದದ ಮೇಲೆ, ಹೇಮಶ್ರೀಯ ಹೆಸರಿನ ಪಕ್ಕದಲ್ಲಿ, ನನ್ನ ಹೆಸರನ್ನು ನೋಡಬೇಕು ಅಂತ ಐದು ದಿನ ಬಾಯಿ ಮುಚ್ಚಿಕೊಂಡಿದ್ದೆ. ಇಪ್ಪತ್ತಮೂರರ ಮಂಗಳವಾರ ಎಲ್ಲ ಗೊತ್ತಿದ್ದೇ ಸಹಿ ಹಾಕಿದೆ. ಪೆನ್ನು ಚೆನ್ನಾಗಿಯೇ ಇತ್ತು.